ಅಡಿಗೆಮನೆಯ ಗೋಡೆ: ಇರಲೋ, ಬೇಡವೋ?

ಕೃಷ್ಣೆಯ ಮಹಾಪೂರ ಇಳಿದ ಮೇಲೆ ಸಾಂಗಲಿಯ ಎಷ್ಟೋ ಮನೆಗಳಲ್ಲಿ ನೆಲ, ಗೋಡೆ, ಕಪಾಟುಗಳನ್ನು ಹೊಸದಾಗಿ ಮಾಡಿಸಬೇಕಾಗಿ ಬಂದಿತು. 2019ರ ಆಗಸ್ಟಿನಲ್ಲಿ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿಗಳನ್ನು ದಾಟಿತ್ತು. ಅಲ್ಲಿಯ ಅಪಾಯದ ಮಟ್ಟ 45 ಅಡಿ. 2021ರ ಜುಲೈಯಲ್ಲಿ ಪುನಃ ಪೂರ ಬಂದಿತು. ಹೀಗೆ ದುರಸ್ತಿಗೆ ಕೈಯಿಕ್ಕಿದ ನಮ್ಮ ಬಂಧುಗಳ ಮನೆಯೊಂದರಲ್ಲಿ ಅತ್ತೆ-ಸೊಸೆಯರ ನಡುವೆ ಒಂದು ಗೋಡೆಯ ಪ್ರಶ್ನೆ ಎದ್ದಿತು. ಪಡಸಾಲೆಗೂ ಅಡಿಗೆಮನೆಗೂ ನಡುವಿನ ಗೋಡೆಯನ್ನು ತೆಗೆದು ಎರಡನ್ನೂ ಒಂದಾಗಿ ಮಾಡಬೇಕೆಂಬುದು ಸೊಸೆಯ ಆಸೆ.

“ಒಗ್ಗರಣಿ ಘಾಟು ಬಂದ ಮಂದಿ ಮೂಗಿಗೆ ಬಡದ್ರ ಏನ್ ಛಂದ?” ಎಂದರು ಅತ್ತೆ.

“ಅತ್ತ್ಯಾರ, ನೀವೆಲ್ಲಾ ಹೊರಗ ಕೂತು ಮಾತಾಡ್ತೀರಿ, ನನಗ ಒಳಗ ಒಂದೂ ಕೇಳಿಸೂದಿಲ್ಲ” ಎಂದಳು ಸೊಸೆ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದುದರಿಂದ ಈ ವಿಷಯವನ್ನು ತುಸು ವಿವೇಚಿಸುವುದು ಉಚಿತ.

ನಮ್ಮ ಹಿರಿಯರು ಗೋಡೆಯನ್ನು ಸುಮ್ಮನೆ ಕಟ್ಟಿದವರಲ್ಲ. ಕಟ್ಟೆ, ಪಡಸಾಲೆ, ನಡುಮನೆ, ಅದರಾಚೆ ಅಡಿಗೆಮನೆ, ಹಿಂದೆ ಹಿತ್ತಲು ಎಂಬ ಕ್ರಮದಲ್ಲಿ ಒಲೆಯು ಎಲ್ಲಕ್ಕಿಂತ ಹಿಂದೆ ಇರುತ್ತಿತ್ತು. ಕಟ್ಟಿಗೆಯ ಹೊಗೆ ಪಡಸಾಲೆಗೆ ಬಾರದಿರಲೆಂಬುದು ಒಂದು ಕಾರಣ. ಮಡಿ-ಮೈಲಿಗೆಯ ವಿಚಾರ ಮತ್ತೊಂದು. ಹೆಂಗಸರ ಮರೆ ಮೂರನೆಯದು. ಗ್ಯಾಸಿನ ಒಲೆ ಬಂದು ಹೊಗೆ ಹೋಯಿತು. ಉಳಿದೆರಡು ಕಾರಣಗಳು ಎಷ್ಟರಮಟ್ಟಿಗೆ ಉಳಿದಿವೆ ಎಂಬುದನ್ನು ಆಯಾ ಮನೆಯವರೇ ಹೇಳಬೇಕು.

ಪಾಶ್ಚಾತ್ಯ ದೇಶಗಳಲ್ಲಿಯೂ ಇದೇ ಚರ್ಚೆ ನಡೆದಿದೆ. 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗಾಗಿ ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಅಡಿಗೆಮನೆಯನ್ನು ಯೋಜಿಸಿದಳು. ಗೃಹಿಣಿಯ ಹೆಜ್ಜೆಗಳನ್ನು ಉಳಿಸುವುದೇ ಅದರ ಗುರಿ. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದು ಬಂದಿತು. ಹೆಜ್ಜೆಗಳೇನೋ ಉಳಿದವು, ಆದರೆ ಗೃಹಿಣಿ ಆ ಸಣ್ಣ ಕೋಣೆಯಲ್ಲಿ ಒಂಟಿಯಾದಳೆಂಬ ಆಕ್ಷೇಪ ಮುಂದೆ ಕೇಳಿಬಂದಿತು. ನಮ್ಮ ಸೊಸೆಯ ಆಕ್ಷೇಪವೂ ಅದೇ ಅಲ್ಲವೇ?

ಗೋಡೆ ತೆಗೆಯಲು ಮನಸ್ಸು ಮಾಡಿದವರು ಮೊದಲು ವಿಚಾರಿಸಬೇಕಾದುದು ಆ ಗೋಡೆ ಭಾರ ಹೊತ್ತಿದೆಯೋ ಇಲ್ಲವೋ ಎಂಬುದನ್ನು. ಸಾಂಗಲಿ-ಮಿರಜಗಳ ಹಳೆಯ ವಾಡೆಗಳಲ್ಲಿ ದಪ್ಪ ಗೋಡೆಗಳೇ ತೊಲೆಗಳನ್ನು ಹೊತ್ತಿರುತ್ತವೆ. ಇಂಜಿನಿಯರರು ನೋಡಿ ಒಪ್ಪುವ ಮುನ್ನ ಗೌಂಡಿಯ ಸುತ್ತಿಗೆ ಗೋಡೆಗೆ ತಗಲಕೂಡದು.

ಎರಡನೆಯದು ಗಾಳಿ. ಮಳೆಗಾಲದ ಗಾಳಿ ನಮ್ಮ ಭಾಗದಲ್ಲಿ ಪಶ್ಚಿಮದಿಂದ ಬೀಸುತ್ತದೆ. ಪಡಸಾಲೆ ಪಶ್ಚಿಮಕ್ಕೂ ಒಲೆ ಪೂರ್ವಕ್ಕೂ ಇದ್ದರೆ ಗಾಳಿಯು ಪಡಸಾಲೆಯಿಂದ ಒಳಬಂದು ಒಲೆಯ ಮೇಲಿನ ಘಾಟನ್ನು ಹೊತ್ತು ಹೊರಗೆ ಹೋಗುತ್ತದೆ. ಆಗ್ನೇಯದಲ್ಲಿ ಒಲೆ ಇರಲೆಂಬ ಹಿರಿಯರ ಮಾತಿಗೂ ಇದು ಹೊಂದುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವಕ್ಕೆ ತಿರುಗುವುದರಿಂದ ಒಲೆಯ ಮೇಲೆ ಗಾಳಿಯನ್ನು ಹೊರಗೆಳೆಯುವ ಪಂಖ ಅವಶ್ಯ. ಗ್ಯಾಸು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆದುದರಿಂದ ಕಿಟಕಿಯೊಂದೇ ಸಾಲದು, ನೆಲದ ಸಮೀಪ ಹೊರಗೋಡೆಯಲ್ಲಿ ಒಂದು ಜಾಳಿಗೆಯೂ ಇರಬೇಕು. ಪಡಸಾಲೆಯ ದೇವರ ದೀಪ, ಊದುಬತ್ತಿಗಳು ಸಿಲಿಂಡರಿನಿಂದ ದೂರವಿರಲಿ.

ಮೂರನೆಯದು ಅಳತೆ. ಒಲೆ, ನೀರಿನ ತೊಟ್ಟಿ, ಶೀತಕಪಾಟು ಇವು ಮೂರನ್ನು ತ್ರಿಕೋನದ ಮೂಲೆಗಳೆಂದು ಭಾವಿಸಿದರೆ ಒಂದೊಂದು ಭುಜ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿ ಇರುವುದು ಹಿತಕರ. 1940ರ ದಶಕದಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಭ್ಯಾಸದಿಂದ ಬಳಕೆಗೆ ಬಂದ ಸೂತ್ರವಿದು. ಪಡಸಾಲೆಯಿಂದ ಹಿತ್ತಲಿಗೆ ಹೋಗುವ ದಾರಿ ಈ ತ್ರಿಕೋನವನ್ನು ದಾಟದಿರಲಿ. ಕುದಿಯುವ ಬೋಗುಣಿ ಹಿಡಿದವಳ ಕಾಲಿಗೆ ಓಡುವ ಮಗು ಅಡ್ಡ ಬರಬಾರದು. ಕಟ್ಟೆಯ ಎತ್ತರವು ಅಡಿಗೆ ಮಾಡುವವಳ ಮೊಣಕೈಗಿಂತ ನಾಲ್ಕಾರು ಅಂಗುಲ ಕೆಳಗಿರಬೇಕು.

ಆದರೆ ಆ ಸೂತ್ರ ಬರೆದವರು ಜೋಳದ ರೊಟ್ಟಿ ಬಡಿದವರಲ್ಲ. ನಮ್ಮಲ್ಲಿ ಹಿರಿಯರು ಇಂದಿಗೂ ಕೆಳಗೆ ಕುಳಿತೇ ರೊಟ್ಟಿ ಬಡಿಯುತ್ತಾರೆ, ಪಲ್ಯ ಹೆಚ್ಚುತ್ತಾರೆ. ನಿಂತು ಮಾಡುವ ಕಟ್ಟೆಯ ಜೊತೆಗೆ 4 ಅಡಿ ಚೌಕದ ಖಾಲಿ ನೆಲವನ್ನೂ ಬೆಳಕಿರುವ ಕಡೆ ಬಿಡುವುದು ಲೇಸು. ಅದಿಲ್ಲದೆ ಹೋದರೆ ಹೊಸ ಅಡಿಗೆಮನೆಯಲ್ಲಿ ಅತ್ತೆಗೆ ಜಾಗವೇ ಇಲ್ಲದಂತಾಗುತ್ತದೆ.

ಮಿರಜ ತಂತಿವಾದ್ಯಗಳ ಊರು. ಮನೆಯಲ್ಲಿ ತಂಬೂರಿ ಇದ್ದವರು ಅದನ್ನು ಒಲೆಯ ಶಾಖ, ಅನ್ನದ ಹಬೆ ತಾಗದ ಮೂಲೆಯಲ್ಲಿ ಇಡಬೇಕು. ಓದುವ ಮಕ್ಕಳಿದ್ದರೆ ಮಿಕ್ಸರಿನ ಸದ್ದಿಗೂ ಅವರ ಮೇಜಿಗೂ ಸಾಧ್ಯವಾದಷ್ಟು ಅಂತರವಿರಲಿ. ನದಿಯ ಪೂರ ತಲಪುವ ಭಾಗದಲ್ಲಿದ್ದವರು ಅಡಿಗೆಮನೆಯನ್ನು ಮೇಲಂತಸ್ತಿಗೆ ಒಯ್ಯುವುದು ಒಳಿತು. ಆಗದಿದ್ದರೆ ಕಾಳುಕಡಿ, ವಿದ್ಯುತ್ ಗುಂಡಿಗಳು ಎತ್ತರದಲ್ಲಿರಲಿ. ಸಿಲಿಂಡರು ನೀರಿನಲ್ಲಿ ತೇಲಬಲ್ಲುದೆಂಬುದನ್ನು ಮರೆಯಬಾರದು.

ಇನ್ನೊಂದು ಮಾತು ಅಳತೆಯ ಪಟ್ಟಿಗೆ ಸಿಗುವಂತಹದಲ್ಲ. ಪಟವರ್ಧನರ ಸಾಂಗಲಿ ಸಂಸ್ಥಾನದಲ್ಲಿ ತೇರದಾಳ, ಶಹಾಪುರಗಳಂತಹ ಕನ್ನಡದ ಊರುಗಳೂ ಸೇರಿದ್ದವು. ಇಲ್ಲಿ ಕನ್ನಡ-ಮರಾಠಿಗಳ ಒಡನಾಟ ಇಂದು ನಿನ್ನೆಯದಲ್ಲ. ಆದರೂ ಗೆಳೆಯರೊಡನೆ, ನೆರೆಯವರೊಡನೆ ಪಡಸಾಲೆಯಲ್ಲಿ ನಡೆಯುವುದು ಮರಾಠಿ. ಕನ್ನಡವು ಅನೇಕ ಮನೆಗಳಲ್ಲಿ ಒಲೆಯ ಮುಂದೆ, ಅತ್ತೆ-ಸೊಸೆಯರ ನಡುವೆ ಉಳಿದಿದೆ. ಗೋಡೆ ಹೋದರೆ ಒಳಗಿನ ಕನ್ನಡ ಹೊರಬಂದೀತೋ, ಹೊರಗಿನ ಮರಾಠಿ ಒಲೆಯವರೆಗೂ ಬಂದು ಕನ್ನಡವೇ ಅಡಗೀತೋ? ಮರಾಠಿಯ ಮೇಲೆ ನಮಗೆ ಮುನಿಸಿಲ್ಲ, ಅದು ನಮಗೆ ಅನ್ನ ಕೊಟ್ಟ ಭಾಷೆ. ಆದರೆ ಮಕ್ಕಳು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಅಜ್ಜಿಯಿಂದ ಕಲಿತ ಕನ್ನಡಕ್ಕೆ ಬೇರೆ ಶಾಲೆ ಎಷ್ಟು ಜನರಿಗಿದೆ?

ನಮ್ಮ ಬಂಧುಗಳ ಮನೆಯಲ್ಲಿ ಕಡೆಗೆ ಮೂರೂವರೆ ಅಡಿಯ ಅರೆಗೋಡೆ ಉಳಿಯಿತು. ಅದು ಭಾರ ಹೊತ್ತ ಗೋಡೆಯಲ್ಲವೆಂದು ಇಂಜಿನಿಯರರು ಹೇಳಿದ ಮೇಲೆಯೇ ಮೇಲಿನ ಭಾಗವನ್ನು ತೆಗೆದರು. ಬಂದವರಿಗೆ ಎಂಜಲು ಪಾತ್ರೆ ಕಾಣುವುದಿಲ್ಲ. ಒಳಗಿದ್ದವಳಿಗೆ ಹೊರಗಿನವರ ಮುಖ ಕಾಣುತ್ತದೆ. ಅತ್ತೆ ಈಗ ಅರೆಗೋಡೆಯ ಈಚೆ ಕುಳಿತು ಮೊಮ್ಮಗನಿಗೆ ಕನ್ನಡದಲ್ಲಿ ಮಗ್ಗಿ ಹೇಳಿಕೊಡುತ್ತಾರೆ, ಸೊಸೆ ಒಲೆಯ ಬಳಿಯಿಂದಲೇ ಅವನ ತಪ್ಪು ತಿದ್ದುತ್ತಾಳೆ. ಒಗ್ಗರಣೆಯ ಘಾಟು ಆಗಾಗ ಹೊರಗೆ ಬರುವುದುಂಟು. ಅತ್ತೆ ಸೀನುತ್ತಾರೆ, “ನಾ ಹೇಳಿದ್ದೆ” ಎನ್ನುತ್ತಾರೆ, ಮಗ್ಗಿ ಮುಂದುವರಿಯುತ್ತದೆ.

ಮನೆ ಕಟ್ಟಿಸುವ, ದುರಸ್ತಿ ಮಾಡಿಸುವ ಓದುಗರು ನಕ್ಷೆಯನ್ನು ಅಂಗೀಕರಿಸುವ ಮುನ್ನ ಮನೆಯ ಹೆಂಗಸರನ್ನೆಲ್ಲ, ಹಿರಿಯರಿಂದ ಕಿರಿಯರವರೆಗೆ, ಕೂಡಿಸಿ ಒಮ್ಮೆ ಕೇಳಲಿ. ದಿನಕ್ಕೆ ಹಲವು ತಾಸು ಅಲ್ಲಿ ನಿಲ್ಲುವವರು ಅವರು.