ಶ್ರೇಷ್ಠ ಶಾರ್ಟ್‌ಸ್ಟಾಪ್ ಯಾರು? ಅಳೆಯುವ ಕೋಲು ಯಾವುದು?

ಬೇಸ್‌ಬಾಲ್ ಮೈದಾನದಲ್ಲಿ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಆಟಗಾರನೇ ಶಾರ್ಟ್‌ಸ್ಟಾಪ್. ದಾಂಡಿಗರಲ್ಲಿ ಹೆಚ್ಚಿನವರು ಬಲಗೈಯವರು. ಅವರು ಬೀಸಿ ಹೊಡೆದ ಚೆಂಡು ಸಾಮಾನ್ಯವಾಗಿ ಇತ್ತಲೇ ನುಗ್ಗುತ್ತದೆ. ಹೊಡೆದವನು 90 ಅಡಿ ಓಡಿ ಮೊದಲ ಬೇಸ್ ಮುಟ್ಟಲು ಸುಮಾರು 4 ಸೆಕೆಂಡು ಸಾಕು. ಅಷ್ಟರೊಳಗೆ ಚೆಂಡನ್ನು ಹಿಡಿದು, ಎದುರು ಬದಿಯ ಆ ಬೇಸ್‌ಗೆ ಎಸೆಯಬೇಕು. ಹೀಗಾಗಿ ಈ ಸ್ಥಾನಕ್ಕೆ ಕ್ಷೇತ್ರರಕ್ಷಣೆಯೇ ಮೊದಲ ಅರ್ಹತೆ. ಆದರೆ ತನ್ನ ಸರದಿ ಬಂದಾಗ ಇವನೂ ದಾಂಡು ಹಿಡಿಯಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ? ಅಮೆರಿಕದಲ್ಲಿ ಮುಗಿಯದೆ ಉಳಿದಿರುವ ಚರ್ಚೆಯ ಮೂಲ ಇದೇ.

ದಾಂಡಿಗೆ ಮಹತ್ವ ಕೊಡುವವರು ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಅವರನ್ನು ಹೆಸರಿಸುತ್ತಾರೆ. 1900ರಿಂದ 1911ರ ಅವಧಿಯಲ್ಲಿ ಅವರು ನ್ಯಾಷನಲ್ ಲೀಗ್‌ನ ಸರಾಸರಿಯಲ್ಲಿ 8 ಬಾರಿ ಮೊದಲಿಗರಾದರು. ಕ್ಷೇತ್ರರಕ್ಷಣೆಯನ್ನು ಮೆಚ್ಚುವವರಿಗೆ ಓಝಿ ಸ್ಮಿತ್ ಆದರ್ಶ. 1980ರಿಂದ 1992ರವರೆಗೆ ಸತತ 13 ಬಾರಿ ‘ಗೋಲ್ಡ್ ಗ್ಲೋವ್’ ಪ್ರಶಸ್ತಿ ಪಡೆದ ಅವರು, ವೃತ್ತಿಜೀವನದಲ್ಲಿ ಹೊಡೆದ ಹೋಮ್ ರನ್‌ಗಳು ಕೇವಲ 28! ಸಾತತ್ಯವೇ ದೊಡ್ಡದೆನ್ನುವವರು, ಒಂದೂ ತಪ್ಪದಂತೆ 2,632 ಪಂದ್ಯಗಳನ್ನಾಡಿದ ಕ್ಯಾಲ್ ರಿಪ್ಕೆನ್ ಅವರತ್ತ ಬೆರಳು ತೋರುತ್ತಾರೆ.

ಅಂಕಿಗಳು ಹೇಳದಿರುವುದನ್ನೂ ನೀವು ಗಮನಿಸಬೇಕು. ವ್ಯಾಗ್ನರ್ ಕಾಲದಲ್ಲೇ ಆಟಕ್ಕಿಳಿದ ಜಾನ್ ಹೆನ್ರಿ ಲಾಯ್ಡ್ ಕೂಡ ಅಪ್ರತಿಮ ಶಾರ್ಟ್‌ಸ್ಟಾಪ್. ಆದರೆ ಕಪ್ಪು ಜನಾಂಗದವರೆಂಬ ಒಂದೇ ಕಾರಣಕ್ಕೆ ಅವರಿಗೆ ಪ್ರಮುಖ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಜಾಕಿ ರಾಬಿನ್‌ಸನ್ ಆ ಬಾಗಿಲನ್ನು ತೆರೆದದ್ದು 1947ರಲ್ಲಿ. ವ್ಯಾಗ್ನರ್ 1936ರಲ್ಲೇ ‘ಹಾಲ್ ಆಫ್ ಫೇಮ್’ ಗೌರವ ಪಡೆದರು. ಲಾಯ್ಡ್ ಅವರಿಗೆ ಅದು ದೊರೆತದ್ದು 1977ರಲ್ಲಿ, ಅವರು ತೀರಿಕೊಂಡು 13 ವರ್ಷಗಳಾದ ಮೇಲೆ. ಕಪ್ಪು ಆಟಗಾರರ ಲೀಗ್‌ಗಳ 1920ರಿಂದ 1948ರವರೆಗಿನ ಅಂಕಿಅಂಶಗಳನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆದರೆ 1920ರ ಹೊತ್ತಿಗೆ ಲಾಯ್ಡ್ ಅವರಿಗೆ 36 ವರ್ಷ. ಅವರ ಯೌವನದ ಆಟ ಆ ಲೆಕ್ಕದಲ್ಲಿ ಇಂದಿಗೂ ಸೇರಿಲ್ಲ.

ಹಾಗಾದರೆ ಇಂಥ ಚರ್ಚೆ ವ್ಯರ್ಥವೇ? ಖಂಡಿತ ಅಲ್ಲ. ನೀವು ಯಾವ ಆಟಗಾರನ ಪರ ವಾದಿಸಿದರೂ ಮೊದಲು ನಿಮ್ಮ ಅಳತೆಗೋಲನ್ನು ಸ್ಪಷ್ಟಪಡಿಸಿ. ಆತನನ್ನು ಅವನ ಕಾಲದ ಆಟಗಾರರೊಂದಿಗೆ ಹೋಲಿಸಿ. ಕೊನೆಗೆ, ಆ ಕಾಲದಲ್ಲಿ ಮೈದಾನದ ಹೊರಗೆ ಉಳಿದವರು ಯಾರೆಂದು ಕೇಳಿ. ಈ ಮೂರನೆಯ ಪ್ರಶ್ನೆಯನ್ನು ಮರೆತ ಯಾವ ತೀರ್ಪೂ ಪೂರ್ಣವಾಗದು.