ಹರೆಯದ ಮನಸ್ಸಿಗೆ ಆಸರೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಂಟಿಮನೆಗಳಲ್ಲಿ ಪ್ರೌಢಶಾಲೆಯ ಮಗು ಮಾತು ಬಿಟ್ಟು ಕುಳಿತರೆ, ಅದನ್ನು ಸೋಮಾರಿತನವೆಂದೋ ದೃಷ್ಟಿ ತಾಕಿತೆಂದೋ ಬಗೆಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ನಿದ್ದೆ, ಹಸಿವು, ಆಟಪಾಠಗಳ ಆಸಕ್ತಿ ಎರಡು ವಾರಗಳ ಕಾಲ ಕುಂದಿದ್ದರೆ ಅದು ಖಿನ್ನತೆಯಾಗಿರಬಹುದು. ಶಿವಮೊಗ್ಗೆಯ ಮನೋವೈದ್ಯ, 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ ಅವರು ಕಥೆಗಳ ಮೂಲಕ, ‘ಕಾಡಿನ ಬೆಂಕಿ’ಯಂತಹ ಚಲನಚಿತ್ರದ ಮೂಲಕ ಈ ಅರಿವನ್ನು ಬಿತ್ತಿದರು, ಬಚ್ಚಿಡುವ ಸಂಕೋಚ ಅದರಿಂದ ಕೊಂಚ ಸಡಿಲಿತೆಂದೇ ನನ್ನ ನಂಬಿಕೆ. ಇಂದು ತಾಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೆರವನ್ನು ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಆಪ್ತಸಲಹೆ ದೊರೆಯುತ್ತದೆ. (ಫೋನು ಸಿಗುವ ದಿಬ್ಬ ಯಾವುದೆಂಬುದನ್ನು ಮಕ್ಕಳೇ ಬಲ್ಲರು!) ಸಾವಿನ ಮಾತು ಬಂದಾಗ ಮಾತ್ರ ಗದರಬೇಡಿ, ನೇರವಾಗಿ ಕೇಳಿ, ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿಗಳನ್ನು ಬೀಗದೊಳಗಿಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.