ಎಳೆಗಾಳದ ವೇಗವಿಚಾರ

ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಅಭಿಲಷಿತಾರ್ಥಚಿಂತಾಮಣಿ ಎಂಬ ನಾಮಾಂತರದಿಂದಲೂ ಪ್ರಸಿದ್ಧವಾದ ಈ ಗ್ರಂಥದಲ್ಲಿ ಮೀನುಗಳ ಭೇದಗಳು, ಅವುಗಳಿಗೆ ಒಡ್ಡತಕ್ಕ ಆಹಾರಗಳು, ದಾರ, ಕೋಲು, ಗಾಳ ಮೊದಲಾದ ಸಾಧನಗಳು ಶಾಸ್ತ್ರರೀತಿಯಿಂದ ನಿರೂಪಿತವಾಗಿವೆ. 1951ರಲ್ಲಿ ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ಈ ಪ್ರಕರಣವನ್ನು ಕುರಿತು ವಿಸ್ತಾರವಾದ ಲೇಖನವನ್ನು ಪ್ರಕಟಿಸಿದ ಮೇಲೆ ಇದರ ಮಹತ್ತ್ವವು ಇತರ ದೇಶಗಳ ವಿದ್ವಾಂಸರಿಗೂ ವಿದಿತವಾಯಿತು. ಅಲ್ಲಿ ಪ್ರಧಾನವಾಗಿ ಹೇಳಿರುವ ಕ್ರಮದಲ್ಲಿ ಗಾಳ ಹಾಕುವವನು ಒಂದೆಡೆ ನಿಂತಿರುತ್ತಾನೆ. ಆಹಾರದ ಆಸೆಯಿಂದ ಮೀನು ಅವನಿದ್ದೆಡೆಗೆ ಬರುತ್ತದೆ. ಇದಕ್ಕೆ ವಿಪರೀತವಾದ ಇನ್ನೊಂದು ಕ್ರಮವೂ ಲೋಕದಲ್ಲಿ ಉಂಟು. ಅದರಲ್ಲಿ ದೋಣಿಯು ನಡೆಯುತ್ತಿರುತ್ತದೆ, ಗಾಳವು ಅದರ ಹಿಂದೆ ಎಳೆಯಲ್ಪಡುತ್ತಿರುತ್ತದೆ, ಓಡುವ ಗಾಳವನ್ನು ಮೀನು ಬೆನ್ನಟ್ಟಿ ಹಿಡಿಯುತ್ತದೆ. ಈ ಎರಡನೆಯ ಕ್ರಮದಲ್ಲಿ ವೇಗವೆಂಬ ಪದಾರ್ಥದ ನಿರ್ಣಯವು ಹೇಗೆ ಆಗಬೇಕೆಂಬುದೇ ಪ್ರಕೃತ ವಿಚಾರದ ವಿಷಯ.

ಮೊದಲು ಹೆಸರನ್ನು ಕುರಿತು ಎರಡು ಮಾತು. ಇಂಗ್ಲಿಷಿನಲ್ಲಿ ಈ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ಕರಾವಳಿಯಲ್ಲಿ ರೂಢಿಯಾಗಿರುವ ಟ್ರಾಲಿಂಗ್ ಎಂಬುದು ಬೇರೆ. ಅದು ನೀರಿನಲ್ಲಿ ಚೀಲದಾಕಾರದ ಬಲೆಯನ್ನು ಎಳೆಯುವ ವೃತ್ತಿ. ಒಂದು ಸ್ವರದ ಭೇದದಿಂದ ಗಾಳವು ಬಲೆಯಾಗಿಬಿಡುವ ಅಪಾಯವಿರುವುದರಿಂದ, ಮೊದಲನೆಯದನ್ನು ಎಳೆಗಾಳವೆಂದು ಕರೆದರೆ ಸಂದೇಹಕ್ಕೆ ಅವಕಾಶವಿರದು. ಹುರಿಗಡಲೆ, ಸಿಡಿಮದ್ದು ಎಂಬಂತೆ ಇದೂ ಗಮಕಸಮಾಸವಾಗಿ ಭಾಷೆಯ ಜಾಯಮಾನಕ್ಕೆ ಒಪ್ಪುವುದು. ಗಾಳಕ್ಕೆ ನಿಜವಾದ ಎರೆಯ ಬದಲು ಕಟ್ಟುವ ಲೋಹದ ತಗಡು, ಮರದ ಮೀನು ಮುಂತಾದ ಕೃತಕವಸ್ತುವನ್ನು ಹುಸಿಯೆರೆ ಎನ್ನಬಹುದು.

ಎಳೆಗಾಳದ ಕಲೆಯು ಬಹುಸೂಕ್ಷ್ಮವಾಗಿ ಬೆಳೆದ ಸ್ಥಳಗಳಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳು ಮುಖ್ಯವಾದವು. ಸುಪೀರಿಯರ್, ಮಿಷಿಗನ್, ಹ್ಯೂರನ್, ಈರಿ, ಒಂಟೇರಿಯೊ ಎಂದು ಇವು ಐದು. ಮಿಷಿಗನ್ ಸರೋವರದ ಪರಮಾವಧಿ ಆಳವು 281 ಮೀಟರು. ಒಂಟೇರಿಯೊ ಸರೋವರದ್ದು 244 ಮೀಟರು. ಅತಿಯಾದ ಹಿಡಿತದಿಂದಲೂ ಲ್ಯಾಂಪ್ರಿ ಎಂಬ ರಕ್ತಪಾಯಿ ಜಲಚರದ ಬಾಧೆಯಿಂದಲೂ ಇಲ್ಲಿನ ದೊಡ್ಡ ಟ್ರೌಟ್ ಮೀನುಗಳು ಕ್ಷೀಣಿಸಲು, ಅವಕ್ಕೆ ಆಹಾರವಾಗಿದ್ದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಹೆಚ್ಚಿತು. ಇದನ್ನು ತಡೆಯಲು ಮಿಷಿಗನ್ ಸಂಸ್ಥಾನದವರು ಪೆಸಿಫಿಕ್ ಸಾಗರದ ಕಡೆಯ ಸಾಲ್ಮನ್ ಜಾತಿಗಳನ್ನು ತಂದುಬಿಟ್ಟರು. 1966ರಲ್ಲಿ ಕೋಹೊ, 1967ರಲ್ಲಿ ಚಿನೂಕ್. ಅಂದಿನಿಂದ ಅಲ್ಲಿ ಎಳೆಗಾಳದ ವಿನೋದವು ಪ್ರಬಲವಾಯಿತು.

ಬೇಸಿಗೆಯಲ್ಲಿ ಈ ಸರೋವರಗಳ ನೀರು ಎರಡು ಪದರಗಳಾಗಿ ನಿಲ್ಲುತ್ತದೆ. ಬಿಸಿಲಿಂದ ಬೆಚ್ಚಗಾದ ಹಗುರವಾದ ನೀರು ಮೇಲೆ, ತಣ್ಣನೆಯ ಭಾರವಾದ ನೀರು ಕೆಳಗೆ. ನಡುವೆ ಉಷ್ಣತೆಯು ಥಟ್ಟನೆ ಇಳಿಯುವ ತೆಳುವಾದ ಸಂಧಿಪದರ. ಚಿನೂಕ್ ಮೀನು ಸುಮಾರು 10ರಿಂದ 13 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರನ್ನು ಬಯಸುವುದಾದ್ದರಿಂದ ಬೇಸಿಗೆಯಲ್ಲಿ ಅದು ಸಂಧಿಪದರದ ಆಸುಪಾಸಿನಲ್ಲಿ ಆಳದಲ್ಲಿರುತ್ತದೆ. ಅಲ್ಲಿಗೆ ಹುಸಿಯೆರೆಯನ್ನು ಇಳಿಸಲು ಡೌನ್‌ರಿಗ್ಗರ್ ಎಂಬ ರಾಟೆಯಂತ್ರವನ್ನು ಬಳಸುತ್ತಾರೆ. ಉಕ್ಕಿನ ತಂತಿಯ ತುದಿಯಲ್ಲಿ ನಾಲ್ಕರಿಂದ ಏಳು ಕಿಲೊ ತೂಕದ ಗುಂಡು. ಗುಂಡಿನ ಬಳಿ ಚಿಮಟದಲ್ಲಿ ಗಾಳದ ದಾರವನ್ನು ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ದಾರವು ಚಿಮಟದಿಂದ ಬಿಡುತ್ತದೆ.

ಹುಸಿಯೆರೆಯ ಜೀವವೆಂದರೆ ಅದರ ಚಲನೆ. ಚಮಚದಾಕಾರದ ತಗಡು ನೀರಿನ ಒತ್ತಡದಿಂದ ಎಡಬಲಕ್ಕೆ ಓಲಾಡುತ್ತ, ಗಾಯಗೊಂಡ ಸಣ್ಣ ಮೀನಿನ ಭ್ರಾಂತಿಯನ್ನು ಹುಟ್ಟಿಸಬೇಕು. ವೇಗವು ಸಾಲದೆ ಹೋದರೆ ಅದು ಜಡವಾಗಿ ಜೋತುಬೀಳುತ್ತದೆ. ಅತಿಯಾದರೆ ಓಲಾಟವನ್ನು ಬಿಟ್ಟು ಗಿರ್ರನೆ ಸುತ್ತುತ್ತ ದಾರವನ್ನು ಹುರಿಗೊಳಿಸುತ್ತದೆ. ಚಿನೂಕಿಗೆ ಗಂಟೆಗೆ ಸುಮಾರು 3ರಿಂದ 5 ಕಿಲೊಮೀಟರು ವೇಗವು ಸಾಮಾನ್ಯವಾಗಿ ಯುಕ್ತವೆನಿಸಿದೆ. ತಳದ ತಣ್ಣೀರಿನಲ್ಲಿರುವ ಟ್ರೌಟಿಗೆ ಇನ್ನೂ ಮಂದವಾದ ಗತಿ ಬೇಕು. ಆದರೆ ಈ ವೇಗವು ಯಾವುದರ ವೇಗ? ಯಾವುದನ್ನು ಕುರಿತ ವೇಗ?

ಇಲ್ಲಿ ಪೂರ್ವಪಕ್ಷವು ಹೀಗೆ: “ಹುಸಿಯೆರೆಯನ್ನು ದೋಣಿಯೇ ಎಳೆಯುತ್ತದೆ. ದಾರವು ಬಿಗಿದಿರುವಷ್ಟು ಕಾಲ ದೋಣಿಯ ವೇಗವೇ ಹುಸಿಯೆರೆಯ ವೇಗ. ಆದುದರಿಂದ ದೋಣಿಯ ವೇಗವನ್ನು ಅಳೆದರೆ ಸಾಕು. ಇಲ್ಲವೇ ಹುಸಿಯೆರೆಯನ್ನು ದೋಣಿಯ ಮಗ್ಗುಲಲ್ಲಿ ಮೇಲ್ನೀರಿನಲ್ಲಿ ಎಳೆದು, ಅದರ ಓಲಾಟವನ್ನು ಕಣ್ಣಾರೆ ಕಂಡು, ಅದೇ ವೇಗದಲ್ಲಿ ಆಳಕ್ಕಿಳಿಸಿದರೆ ತೀರಿತು.”

ಈ ವಾದದಲ್ಲಿ ಅರ್ಧ ಸತ್ಯವುಂಟು. ಉಳಿದರ್ಧದ ದೋಷವನ್ನು ನಮ್ಮ ದರ್ಶನಶಾಸ್ತ್ರದ ಪರಿಭಾಷೆಯೇ ತೋರಿಸಿಕೊಡುವುದು. ವೈಶೇಷಿಕರು ವೇಗವನ್ನು ಸಂಸ್ಕಾರವೆಂಬ ಗುಣದ ಮೂರು ಭೇದಗಳಲ್ಲಿ ಒಂದೆಂದು ಎಣಿಸುತ್ತಾರೆ. ಕರ್ಮವನ್ನು, ಎಂದರೆ ಚಲನೆಯನ್ನು, ಸಂಯೋಗವಿಭಾಗಗಳಿಗೆ ಕಾರಣವಾದುದೆಂದು ನಿರೂಪಿಸುತ್ತಾರೆ. ಹೀಗಿರಲು ಚಲನೆಯ ಮಾತು ಬಂದಾಗಲೆಲ್ಲ ಯಾವುದರಿಂದ ವಿಭಾಗ, ಯಾವುದರೊಡನೆ ಸಂಯೋಗವೆಂಬ ಆಕಾಂಕ್ಷೆಯು ಏಳತಕ್ಕುದೇ ಸರಿ. ನಡೆಯುವ ದೋಣಿಯಲ್ಲಿರುವವನಿಗೆ ದಡದ ಅಚಲವಸ್ತುಗಳು ಹಿಮ್ಮುಖವಾಗಿ ಚಲಿಸುವಂತೆ ಕಾಣುವುವೆಂಬ ದೃಷ್ಟಾಂತವನ್ನು ಆರ್ಯಭಟನು ಆರ್ಯಭಟೀಯದ ಗೋಲಪಾದದಲ್ಲಿ ಕೊಟ್ಟಿರುವುದು ಅಧ್ಯಾಪಕರಿಗೆಲ್ಲ ಪರಿಚಿತವಾದುದು. ಅಲ್ಲಿ ದಡವು ಅಚಲ. ಪ್ರಕೃತದಲ್ಲಿ ಹುಸಿಯೆರೆಯ ಸುತ್ತಲಿನ ನೀರೇ ಚಲಿಸುತ್ತಿರುತ್ತದೆ. ಓಲಾಟವನ್ನು ಹುಟ್ಟಿಸುವುದು ಹುಸಿಯೆರೆಗೂ ಅದನ್ನು ಮುಟ್ಟಿದ ನೀರಿಗೂ ಆಗುವ ಸಂಯೋಗವಿಭಾಗಗಳೇ ಹೊರತು ಸರೋವರದ ತಳದ ನೆಲವಲ್ಲ, ಮೇಲ್ನೀರೂ ಅಲ್ಲ.

ಮಹಾಸರೋವರಗಳಲ್ಲಿ ಗಾಳಿಯು ಮೇಲಿನ ಪದರವನ್ನು ತಳ್ಳುತ್ತದೆ. ಭೂಭ್ರಮಣದ ಕಾರಣದಿಂದ ಆ ನೀರಿನ ಒಟ್ಟು ಸಾಗಾಟವು ಗಾಳಿಯ ದಿಕ್ಕಿನಿಂದ ಬಲಕ್ಕೆ ಸರಿಯುತ್ತದೆ. ಕೆಳಗಿನ ಪದರದ ಪ್ರವಾಹವು ಮೇಲಿನದಕ್ಕಿಂತ ಬೇರೆಯಾಗಿರಬಹುದು. ಒಮ್ಮೊಮ್ಮೆ ತೀರ ವಿರುದ್ಧದಿಕ್ಕಿನದೂ ಆಗಿರಬಹುದು. ಇದರ ಫಲವನ್ನು ಒಂದು ಕಲ್ಪಿತ ಉದಾಹರಣೆಯಿಂದ ಗಣಿಸಬಹುದು.

ಮೇಲ್ನೀರು ಗಂಟೆಗೆ 0.5 ಕಿಲೊಮೀಟರಿನಂತೆ ಪೂರ್ವಕ್ಕೂ, 25 ಮೀಟರು ಆಳದ ನೀರು 0.8 ಕಿಲೊಮೀಟರಿನಂತೆ ಪಶ್ಚಿಮಕ್ಕೂ ಹರಿಯುತ್ತಿರಲಿ. ದೋಣಿಯು ನೆಲವನ್ನು ಕುರಿತು 4.0 ಕಿಲೊಮೀಟರು ವೇಗದಿಂದ ಪೂರ್ವಕ್ಕೆ ಸಾಗಲಿ. ಆಗ ಮೇಲ್ನೀರನ್ನು ಕುರಿತ ವೇಗ 3.5, ಆಳನೀರನ್ನು ಕುರಿತ ಹುಸಿಯೆರೆಯ ವೇಗ 4.8. ದೋಣಿಯು ಅದೇ ವೇಗದಿಂದ ಪಶ್ಚಿಮಕ್ಕೆ ಹಿಂದಿರುಗಿದರೆ ಮೇಲ್ನೀರಿನ ವೇಗ 4.5 ಆಗುತ್ತದೆ, ಹುಸಿಯೆರೆಯದು 3.2ಕ್ಕೆ ಇಳಿಯುತ್ತದೆ. ನೀರಿನ ಒತ್ತಡವು ಹೆಚ್ಚುಕಡಮೆ ವೇಗದ ವರ್ಗವನ್ನು ಅನುಸರಿಸುವುದರಿಂದ, ಹೋಗುವಾಗಿನ ಒತ್ತಡವು ಬರುವಾಗಿನದಕ್ಕಿಂತ ಎರಡೂಕಾಲು ಪಟ್ಟು. ಹೋಗುವಾಗ ಕಚ್ಚಿದ ಮೀನು ಬರುವಾಗ ಮೂಸಿಯೂ ನೋಡದೆಂಬ ಬೆಸ್ತರ ಅನುಭವಕ್ಕೆ ಇದೊಂದು ಯುಕ್ತವಾದ ಕಾರಣ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಹಿಂದಿರುಗುವಾಗ ಮೇಲ್ನೀರಿನ ಮಾಪಕವು ವೇಗ ಹೆಚ್ಚಿತೆಂದು ಹೇಳುತ್ತದೆ. ಆಳದಲ್ಲಿ ನಡೆದಿರುವುದು ಅದಕ್ಕೆ ವಿರುದ್ಧ. ಮಾಪಕವನ್ನು ನಂಬಿ, ಮೊದಲಿನ 3.5 ಬರುವಂತೆ ದೋಣಿಯನ್ನು ನಿಧಾನಿಸಿದರೆ ನೆಲವನ್ನು ಕುರಿತ ವೇಗ 3.0 ಆಗಿ ಹುಸಿಯೆರೆಯ ವೇಗವು 2.2ಕ್ಕೆ ಕುಸಿಯುತ್ತದೆ. ಮೊದಲಿನ 4.8ನ್ನೇ ಉಳಿಸಿಕೊಳ್ಳಬೇಕಾದರೆ ಮಾಡಬೇಕಾದುದು ಇದರ ವಿಪರೀತ. ನೆಲವನ್ನು ಕುರಿತು 5.6 ವೇಗದಿಂದ ಸಾಗಬೇಕು. ಅಸಾವಧಾನದಿಂದ ಮಾಡಿದ ಅಳತೆಗಿಂತಲೂ, ಬೇರೊಂದನ್ನು ಸರಿಯಾಗಿ ಅಳೆದು ಅದನ್ನೇ ಇದೆಂದು ತಿಳಿಯುವುದು ಹೆಚ್ಚಿನ ಹಾನಿಯನ್ನು ಮಾಡುವುದು.

ಪ್ರವಾಹವು ಅಡ್ಡಲಾಗಿದ್ದರೆ ಫಲವು ಬೇರೆ. 4.0 ವೇಗದ ದೋಣಿಗೆ 0.8 ವೇಗದ ಅಡ್ಡಪ್ರವಾಹವು ಒದಗಿದರೆ ಹುಸಿಯೆರೆಯ ವೇಗವು ಸುಮಾರು 4.1 ಮಾತ್ರ; ಆದರೆ ಅದು ದೋಣಿಯ ನೇರ ಹಿಂದಿರದೆ ಸುಮಾರು 11 ಡಿಗ್ರಿ ಕೋನದಷ್ಟು ಪಕ್ಕಕ್ಕೆ ಸರಿದು ಬರುತ್ತದೆ. ವೇಗದಲ್ಲಿ ಭೇದವಿಲ್ಲದಿದ್ದರೂ ಅಕ್ಕಪಕ್ಕದ ದಾರಗಳು ತೊಡರುವ ಸಂಭವವಿರುವುದು.

ಹಾಗಾದರೆ ಆಳದ ವೇಗವನ್ನು ತಿಳಿಯುವ ಪ್ರಮಾಣವಾವುದು? ಪ್ರಚಾರದಲ್ಲಿರುವ ಸಾಧನಗಳು ಮೂರು. ಜಿ.ಪಿ.ಎಸ್. ಉಪಕರಣವು ನೆಲವನ್ನು ಕುರಿತ ವೇಗವನ್ನು ಹೇಳುತ್ತದೆ. ದೋಣಿಯ ತಳದಲ್ಲಿ ತಿರುಗುವ ಸಣ್ಣ ಚಕ್ರವು ಮೇಲ್ನೀರನ್ನು ಕುರಿತ ವೇಗವನ್ನು ಹೇಳುತ್ತದೆ. ಗುಂಡಿನ ಸಮೀಪದಲ್ಲಿ ತಂತಿಗೆ ಕಟ್ಟಿ ಇಳಿಸುವ ಶೋಧಕವು ಆಳನೀರನ್ನು ಕುರಿತ ವೇಗವನ್ನೂ ಅಲ್ಲಿಯ ಉಷ್ಣತೆಯನ್ನೂ ತಿಳಿಸುತ್ತದೆ. ಮೂರೂ ತಮ್ಮ ತಮ್ಮ ವಿಷಯದಲ್ಲಿ ಪ್ರಮಾಣವೇ. ಪ್ರಕೃತ ಪ್ರಯೋಜನಕ್ಕೆ ಮೂರನೆಯದೇ ಸಾಕ್ಷಾತ್ ಪ್ರಮಾಣ.

ಶೋಧಕವಿಲ್ಲದವನಿಗೆ ಅನುಮಾನವೇ ಗತಿ. ಅದಕ್ಕೆ ಲಿಂಗವು ತಂತಿಯ ಓರೆ. ಗುಂಡು ಅದೇ, ಇಳಿಸಿದ ತಂತಿಯ ಉದ್ದವೂ ಅದೇ ಆಗಿರಲು, ಓರೆ ಹೆಚ್ಚಿದರೆ ನೀರಿನ ಒತ್ತಡವು ಹೆಚ್ಚಿತೆಂದು ಊಹಿಸಬಹುದು. ಹೋಗುವಾಗಲೂ ಬರುವಾಗಲೂ ಓರೆಯನ್ನು ಸಮವಾಗಿಡುವಂತೆ ದೋಣಿಯನ್ನು ನಡೆಸಿದರೆ ಆಳದ ವೇಗವು ಬಹುಮಟ್ಟಿಗೆ ಸಮವಾಗುವುದು. ಆದರೆ ಈ ಅನುಮಾನವು ನಿರ್ದುಷ್ಟವಲ್ಲ. ತಂತಿಯು ಎಲ್ಲ ಪದರಗಳನ್ನೂ ಹಾದುಹೋಗುವುದರಿಂದ ಮೇಲ್ನೀರಿನ ಒತ್ತಡವೂ ಓರೆಯಲ್ಲಿ ಬೆರೆತಿರುತ್ತದೆ. ಓರೆಯು ಆಳವನ್ನೂ ಕೆಡಿಸುತ್ತದೆ: 30 ಮೀಟರು ತಂತಿಯು ನೇರವಾಗಿಯೇ ಇದ್ದು ಲಂಬದಿಂದ 30 ಡಿಗ್ರಿ ಓರೆಯಾದರೆ ಗುಂಡಿರುವ ಆಳವು 26 ಮೀಟರು ಮಾತ್ರ. ತೆಳುವಾದ ಸಂಧಿಪದರದಲ್ಲಿ ಮೀನನ್ನು ಅರಸುವವನಿಗೆ ನಾಲ್ಕು ಮೀಟರಿನ ವ್ಯತ್ಯಾಸವು ಅಲ್ಪವಲ್ಲ.

ಇನ್ನೊಂದು ಉಪಾಯವು ತಿರುವು. ದೋಣಿಯು 100 ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿರಲು, ಅದರ ಇಕ್ಕೆಲಗಳಲ್ಲಿ 20 ಮೀಟರು ದೂರದಲ್ಲಿ ತೇಲುಹಲಗೆಗಳಿಂದ ಹರಡಿದ ದಾರಗಳಿದ್ದರೆ, ಒಳಗಿನದರ ದಾರಿ ಕಿರಿದು, ಹೊರಗಿನದರ ದಾರಿ ಹಿರಿದು. ದೋಣಿಯ ವೇಗ 4.0 ಆದರೆ ಒಳಗಿನದಕ್ಕೆ 3.2, ಹೊರಗಿನದಕ್ಕೆ 4.8. ಒಳಗಿನ ಗಾಳವನ್ನೇ ಮೀನು ಮತ್ತೆ ಮತ್ತೆ ಕಚ್ಚಿದರೆ ವೇಗವನ್ನು ತಗ್ಗಿಸಬೇಕೆಂದೂ, ಹೊರಗಿನದನ್ನು ಕಚ್ಚಿದರೆ ಹೆಚ್ಚಿಸಬೇಕೆಂದೂ ಬೆಸ್ತನು ತಿಳಿದುಕೊಳ್ಳುತ್ತಾನೆ. ಒಳಗಿನ ಗಾಳವು ನಿಧಾನವಾಗುವಾಗ ಕೆಲವೊಮ್ಮೆ ಕೆಳಗೂ ಇಳಿಯುವುದರಿಂದ, ಮೀನು ಮೆಚ್ಚಿದುದು ವೇಗವನ್ನೋ ಆಳವನ್ನೋ ಎಂದು ಎರಡು ಮೂರು ಬಾರಿ ಪರೀಕ್ಷಿಸಿಯೇ ನಿಶ್ಚಯಿಸತಕ್ಕುದು. ಮೀನು ಕಚ್ಚಿದ ಕ್ಷಣದಲ್ಲಿ ದಿಕ್ಕು, ಆಳ, ಶೋಧಕದ ವೇಗ ಇವನ್ನು ಗುರುತು ಹಾಕಿಕೊಂಡು, ಮುಂದೆ ಆ ವೇಗವನ್ನೇ ಮರಳಿ ತರುವುದು ಅನುಭವಿಗಳ ಪದ್ಧತಿ.

ಇಷ್ಟರಿಂದ ಸಿದ್ಧವಾದುದು ಇದು. ಎಳೆಗಾಳದ ಪ್ರಸಂಗದಲ್ಲಿ ವೇಗವೆಂಬ ಒಂದೇ ಶಬ್ದವು ಮೂರು ಅರ್ಥಗಳನ್ನು ಹೊರುತ್ತದೆ. ನೆಲವನ್ನು ಕುರಿತುದು ನೆಲವೇಗ, ಮೇಲ್ನೀರನ್ನು ಕುರಿತುದು ಮೇಲ್ನೀರವೇಗ, ಹುಸಿಯೆರೆಯನ್ನು ಸುತ್ತಿದ ನೀರನ್ನು ಕುರಿತುದು ಆಳವೇಗ ಎಂದು ಇವನ್ನು ಬೇರೆಬೇರೆಯಾಗಿ ಹೆಸರಿಸಿದರೆ ಪೂರ್ವಪಕ್ಷವು ತಾನಾಗಿ ಬಿದ್ದುಹೋಗುತ್ತದೆ. ಹೆಸರಿಸದೆ ಹೋದರೆ ಗಣಿತವು ಸರಿಯಿದ್ದೂ ನಿರ್ಣಯವು ತಪ್ಪುತ್ತದೆ. ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವವರೂ ಅದನ್ನು ತರಗತಿಯಲ್ಲಿ ಬೋಧಿಸುವವರೂ ವೇಗ, ಗತಿ, ಆಳ ಮುಂತಾದ ಸುಪರಿಚಿತ ಪದಗಳನ್ನು ಬಳಸುವಾಗ “ಯಾವುದನ್ನು ಕುರಿತು?” ಎಂಬ ಪ್ರಶ್ನೆಗೆ ಅದೇ ವಾಕ್ಯದಲ್ಲಿ ಉತ್ತರವಿರುವಂತೆ ನೋಡಿಕೊಳ್ಳುವುದು ಯುಕ್ತ. ಪಾರಿಭಾಷಿಕಪದಗಳ ಕೊರತೆಯೆಂದು ಭಾಷೆಯ ಮೇಲೆ ಹೊರಿಸುವ ಆಕ್ಷೇಪಣೆಗಳಲ್ಲಿ ಹಲವು ಈ ಪ್ರಶ್ನೆಯನ್ನು ಕೇಳದಿದ್ದುದರಿಂದ ಹುಟ್ಟಿದವೇ ಆಗಿವೆ.